ಅಜ್ಜಿಯ ಸೀರೆ, ಹೊಟ್ಟೆಯ ಕರುಳು

ಮಳೆ ಅಂತ ಇವತ್ತು ಉಡುಪಿಯಲ್ಲಿ ಶಾಲೆಗೆ ರಜೆ. ಯುಕೆಜಿ ಮಗಳದ್ದು ಬೆಳಿಗ್ಗೆಯೇ ಪ್ರಶ್ನೆ: “ಅಮ್ಮಾ, ತಿಂದ ಸೇಮಿಗೆ ಎಲ್ಲಿಗೆ ಹೋಗ್ತದೆ?” ಪುಸ್ತಕದ ಚಿತ್ರ ತೋರಿಸಿದೆ. ಊಹೂಂ, ತಲೆಗೆ ಹೋಗಲಿಲ್ಲ.

ಕೊನೆಗೆ ಅತ್ತೆಯ ಹಳೇ ಕಾಟನ್ ಸೀರೆ ತಂದು ಚಾವಡಿಯಲ್ಲಿ ಉದ್ದಕ್ಕೆ ಹಾಸಿದೆ. ಸೀರೆ 5.5 ಮೀಟರ್, ದೊಡ್ಡವರ ಸಣ್ಣಕರುಳು ಸುಮಾರು 6 ಮೀಟರ್. (ಸಣ್ಣ ಅನ್ನೋದು ದಪ್ಪಕ್ಕೆ ಮಾತ್ರ ಮಾರಾಯ್ರೆ!) ಕಡಿಮೆ ಬಿದ್ದಲ್ಲಿಗೆ ಬೈರಾಸಿನ ತುದಿ ಗಂಟು ಹಾಕಿದೆವು. ಆಮೇಲೆ ಅಷ್ಟನ್ನೂ ಮುದ್ದೆ ಮಾಡಿ ಸಣ್ಣ ಬುಟ್ಟಿಗೆ ತುರುಕಿದಾಗ ಅವಳ ಕಣ್ಣು ಅರಳಿತು. ಸೀದಾ ಹೋಗಿ ಅಜ್ಜಿಯ ಹೊಟ್ಟೆ ಮುಟ್ಟಿ, “ಇಷ್ಟೂ ನಿಮ್ಮ ಒಳಗೆ ಉಂಟಾ?”

“ಉಂಟು ಮಗಾ, ಹಾಗಾಗಿಯೇ ಸೇಮಿಗೆ ಎಷ್ಟು ತಿಂದ್ರೂ ಸಾಲೂದಿಲ್ಲ.”

ಹೃದಯ ಸುಲಭ. ಅವರವರ ಮುಷ್ಟಿಯಷ್ಟು, ಎದೆಯ ನಡುವೆ, ಚೂರು ಎಡಕ್ಕೆ ವಾಲಿಕೊಂಡು.

ಕಷ್ಟವಾದದ್ದು ಸ್ನಾನದ ಹೊತ್ತಿಗೆ. ಕಣ್ಣು, ಮೂಗು, ಹೊಕ್ಕುಳು ಅಂತ ಬೆರಳಿಟ್ಟು ಹೇಳುತ್ತಾ ಬಂದವಳು ಒಂದು ಕಡೆ “ಶೇಮ್ ಶೇಮ್” ಅಂದು ನಕ್ಕಳು. ಕಲಿಸಿದ್ದು ನಾವೇ. ಕರುಳಿನ ಅಳತೆ ಹೇಳಿದ ನನಗೆ ಅಲ್ಲಿ ಸರಿಯಾದ ಹೆಸರು ಹೇಳಲಿಕ್ಕೆ ಬಾಯಿ ಬರಲಿಲ್ಲ. ನಾಳೆ ಅಲ್ಲಿ ನೋವಾದರೆ, ಯಾರಾದರೂ ಮುಟ್ಟಿದರೆ, ಮಗು ಎಂತ ಅಂತ ಹೇಳಬೇಕು? ಸೋಪು ಹಚ್ಚುತ್ತಾ ಮೆಲ್ಲ ಹೇಳಿದೆ. ಅವಳಿಗೆ ಅದು ಮೊಣಕೈಯಷ್ಟೇ ಮಾಮೂಲಿ, ತಡವರಿಸಿದ್ದು ನಾನೊಬ್ಬಳೇ.

ಈಗ ಅತ್ತೆ ಸೀರೆ ಮಡಚಿಡು ಅಂತಿದ್ದಾರೆ. ಇವಳು ಬಿಡುತ್ತಿಲ್ಲ. ಕರುಳನ್ನು ಹಾಗೆಲ್ಲ ಮಡಚಬಾರದಂತೆ.