ಅಜ್ಜಿಯ ಬೆನ್ನು, ಗೆಲ್ಲೋ ಕುದುರೆ

ನಮ್ಮ ವಿಡಿಯೋ ಗೇಮ್‌ನ ಮೀನು ಮಾರೋ ಅಜ್ಜಿ ಕೊನೆಗೂ ಅಜ್ಜಿ ಥರ ಕಾಣ್ತಿದ್ದಾಳೆ. 32×32 ಪಿಕ್ಸೆಲ್ ಚೌಕದಲ್ಲಿ ಮುಖಕ್ಕೆ ಸಿಗೋದು ಎಂಟೇ ಪಿಕ್ಸೆಲ್ ಅಗಲ. ಸುಕ್ಕು ಬರೆದ್ರೆ ಗಾಯ ಆದಂಗಿತ್ತು. ಸುಕ್ಕೆಲ್ಲ ಅಳಿಸಿ, ತಲೆಯನ್ನ ಒಂದು ಪಿಕ್ಸೆಲ್ ಮುಂದಕ್ಕೆ, ಒಂದು ಪಿಕ್ಸೆಲ್ ಕೆಳಕ್ಕೆ ಸರಿಸಿದೆ ಅಷ್ಟೇ, ಬೆನ್ನು ತಾನಾಗೇ ಬಾಗಿತು. ಸೀರೆಯ ನೆರಳಿಗೆ ಕಪ್ಪು ತೆಗೆದು ಕಡು ನೇರಳೆ ಹಾಕಿದ್ಮೇಲಂತೂ ಜೀವ ಬಂತು. (1981ರ ಡಾಂಕಿ ಕಾಂಗ್ ಗೇಮ್‌ನಲ್ಲಿ ಮಾರಿಯೋಗೆ ಮೀಸೆ ಬಂದಿದ್ದೂ ಬಾಯಿ ಬರೆಯೋಕೆ ಜಾಗ ಇಲ್ಲದ್ದಕ್ಕೇ. ಟೋಪಿ ಇಟ್ಟಿದ್ದು ಕೂದಲು ಬರೆಯೋ ತಾಪತ್ರಯ ತಪ್ಪಿಸೋಕೆ.)

ಇದೆಲ್ಲ ನಡೀತಿರೋವಾಗ ಕಿವೀಲಿ ಗ್ರೂಪ್ ಕಾಲ್. ಅಮೆರಿಕದಲ್ಲಿರೋ ಇಬ್ಬರು ಗೆಳೆಯರ ಮುಗಿಯದ ಜಗಳ: ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷ ಮನಸ್ಸಿಗೆ ಒಪ್ಪಿದವರನ್ನ ನಿಲ್ಲಿಸಬೇಕೋ, ಗೆಲ್ಲೋ ಕುದುರೇನೋ? 2020ರ ಮಾತು ಬರಲೇಬೇಕಲ್ಲ. ಬೈಡನ್ ಕಣಕ್ಕಿಳಿದಿದ್ದೇ ‘ಟ್ರಂಪ್‌ನ ಸೋಲಿಸಬಲ್ಲವರು’ ಅನ್ನೋ ಹೆಸರಲ್ಲಿ. ಪಕ್ಷದ ಅಭ್ಯರ್ಥಿ ಯಾರು ಅಂತ ಒಂದೊಂದೇ ರಾಜ್ಯದಲ್ಲಿ ನಡೆಯೋ ಆಯ್ಕೆಯಲ್ಲಿ ಅವರಿಗೆ ಅಯೋವಾದಲ್ಲಿ ನಾಲ್ಕನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇದು. ಕಥೆ ಮುಗೀತು ಅಂದ್ರು. ಫೆಬ್ರವರಿ 29ಕ್ಕೆ ಸೌತ್ ಕ್ಯಾರೊಲೈನಾ ಗೆದ್ದಿದ್ದೇ ತಡ, ಮೂರು ದಿನ ಕಳೆದು, ಹಲವು ರಾಜ್ಯಗಳು ಒಂದೇ ದಿನ ಓಟ್ ಹಾಕೋ ಸೂಪರ್ ಟ್ಯೂಸ್‌ಡೇಲಿ 14ರಲ್ಲಿ 10 ರಾಜ್ಯ ಬಾಚಿಕೊಂಡ್ರು.

ನನಗನ್ಸೋದು, ಈ ‘ಗೆಲ್ತಾರೆ’ ಅನ್ನೋದು ಅಭ್ಯರ್ಥಿಯ ಗುಣವೇ ಅಲ್ಲ, ಪಕ್ಕದ ಮನೆಯವರ ಬಗ್ಗೆ ನಮ್ಮ ಅಂದಾಜು. “ನನಗೇನೋ (ಬೈಡನ್ ಎದುರು ನಿಂತಿದ್ದ ಎಲಿಜಬೆತ್) ವಾರನ್ ಇಷ್ಟ, ಆದ್ರೆ ಪಕ್ಕದ ಮನೆಯವ್ರು ಓಟ್ ಹಾಕಲ್ಲ” ಅಂತ ಪಕ್ಕದ ಮನೆಯವ್ರೂ ಹೇಳ್ತಿದ್ರೆ?

ಕೇಳಿಯೇಬಿಟ್ಟೆ. ಇಬ್ಬರೂ ಸೇರಿ ನನ್ನ ಮೇಲೇ ಬಿದ್ರು. 2016ರಲ್ಲಿ ಟ್ರಂಪ್ ಗೆಲ್ಲೋದೇ ಇಲ್ಲ ಅಂದಿದ್ದ ಪಂಡಿತರ ಸುದ್ದಿ ತೆಗೆದ್ರೆ ಮಾತ್ರ ಎರಡೂ ಕಡೆ ಮ್ಯೂಟ್.