58ಡಿ ತಂತಿಯ ಜಾಡು ಹಿಡಿದು

ಡಿಸೆಂಬರ್ ಬಂತೆಂದರೆ ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಬೆಳಗ್ಗೆ 8 ಗಂಟೆಗೂ ಕತ್ತಲೆ, ಸಂಜೆ 4.30ಕ್ಕೆಲ್ಲ ಸೂರ್ಯ ನಾಪತ್ತೆ. ಆಫೀಸಿಗೆ ಹೋಗುವುದೂ ಬರುವುದೂ ಹೆಡ್‌ಲೈಟ್ ಹಾಕಿಕೊಂಡೇ. ಇಂಥ ದಿನಗಳಲ್ಲಿ ಕಾರಿನ ಹಿಂದಿನ ಗಾಜಿನ ಮಂಜು ಕರಗಿಸುವ ಹೀಟರ್ ಗುಂಡಿ ಕೈಗೆ ಬೇಗ ಸಿಗಬೇಕು. ನನ್ನ ಹಳೆಯ ಜರ್ಮನ್ ಕಾರಿನಲ್ಲಿ ಅಕ್ಕಪಕ್ಕದ ಗುಂಡಿಗಳೆಲ್ಲ ಬೆಳಗುತ್ತಿದ್ದವು, ಅದೊಂದು ಮಾತ್ರ ಕಪ್ಪು. ಒತ್ತಿದರೆ ಹೀಟರ್ ಶುರುವಾಗುತ್ತಿತ್ತು, ಆನ್ ಆಗಿದೆ ಎಂದು ತೋರಿಸುವ ಹಳದಿ ದೀಪವೂ ಹತ್ತುತ್ತಿತ್ತು. ಗುಂಡಿಯ ಮೇಲಿನ ಚಿತ್ರಕ್ಕೆ ಮಾತ್ರ ಬೆಳಕಿಲ್ಲ.

ಇಷ್ಟು ಸಣ್ಣ ಕೆಲಸಕ್ಕೆ ಇಲ್ಲಿ ಗ್ಯಾರೇಜಿಗೆ ಹೋಗಲು ಮನಸ್ಸು ಬರುವುದಿಲ್ಲ. ಗಂಟೆಯ ಕೂಲಿ 100 ಯೂರೋ ದಾಟುವುದು ಸಾಮಾನ್ಯ, ವೈರಿಂಗ್ ಹುಡುಕಾಟಕ್ಕೆ ಎಷ್ಟು ಗಂಟೆ ಹಿಡಿಯುತ್ತದೆಂದು ಅವರೂ ಮೊದಲೇ ಹೇಳಲಾರರು. ನಮ್ಮೂರಿನ ಹಾಗೆ ರಸ್ತೆ ಬದಿಯಲ್ಲೇ ಬಾನೆಟ್ ಎತ್ತಿ ಕೂರೋಣವೆಂದರೆ ಅದೂ ನಡೆಯುವುದಿಲ್ಲ. ಆದರೆ ಬಾಡಿಗೆ ವರ್ಕ್‌ಶಾಪ್ ಎಂಬ ಒಳ್ಳೆಯ ಏರ್ಪಾಡಿದೆ: ಗಂಟೆ ಲೆಕ್ಕದಲ್ಲಿ ಜಾಗ, ಲಿಫ್ಟ್, ಸ್ಪ್ಯಾನರ್ ಸೆಟ್ಟು ಎಲ್ಲ ಸಿಗುತ್ತವೆ, ಕೆಲಸ ನಮ್ಮದು. ಶನಿವಾರ ಅಲ್ಲಿ ಸೇರುವ ಜನರನ್ನು ನೋಡಿದರೆ ಜರ್ಮನಿಯಲ್ಲಿ ಎಷ್ಟು ದೇಶದವರಿದ್ದಾರೆ ಎಂದು ಗೊತ್ತಾಗುತ್ತದೆ.

ನನ್ನ ಜರ್ಮನ್ ಇನ್ನೂ ತರಕಾರಿ ಅಂಗಡಿ ದಾಟಿಲ್ಲ. ಆದರೂ ಇಲ್ಲಿನ ಕಾರಿನ ವೈರಿಂಗ್ ನಕ್ಷೆ ಓದಲು ಕಷ್ಟವಾಗಲಿಲ್ಲ, ಯಾಕೆಂದರೆ ಅದು ನಡೆಯುವುದು ಅಂಕಿಗಳ ಮೇಲೆ. ಡಿಐಎನ್ 72552 ಎಂಬ ಜರ್ಮನ್ ಮಾನಕವೊಂದಿದೆ. ಅದರ ಪ್ರಕಾರ 30 ಎಂದರೆ ಬ್ಯಾಟರಿಯಿಂದ ನೇರ ಬರುವ ಪ್ಲಸ್, 15 ಎಂದರೆ ಕೀಲಿ ತಿರುಗಿಸಿದ ಮೇಲೆ ಬರುವ ಪ್ಲಸ್, 31 ಎಂದರೆ ಅರ್ತ್. 56 ಹೆಡ್‌ಲೈಟಿನದು, 58 ಪಾರ್ಕಿಂಗ್ ದೀಪ, ನಂಬರ್ ಪ್ಲೇಟ್ ದೀಪಗಳದು. ಆ 58 ಬೆಳಕು ಮಂದ ಮಾಡುವ ಡಿಮ್ಮರ್ ಮೂಲಕ ಹಾದು ಡ್ಯಾಶ್‌ಬೋರ್ಡ್ ಬೆಳಗಲು ಬಂದರೆ 58ಡಿ. ಊರಿನಲ್ಲಿರುವವರಿಗೆ ಇದು ದೂರದ ಸಂಗತಿ ಅನ್ನಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾರ್ನಿಗೆಂದು ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಕೊಂಡು ತಿರುಗಿಸಿ ನೋಡಿ: 30, 85, 86, 87 ಎಂದು ಬರೆದಿರುತ್ತದೆ. ಅದು ಇದೇ ಪಟ್ಟಿಯ ಅಂಕಿ.

ಬಿಚ್ಚುವ ಮೊದಲೇ ಅರ್ಧ ಲೆಕ್ಕ ಮುಗಿದಿತ್ತು. ಬೇರೆ ಗುಂಡಿಗಳು ಬೆಳಗುತ್ತಿರುವುದರಿಂದ ಫ್ಯೂಸೂ ಡಿಮ್ಮರೂ ಸರಿ. ಅದೇ ಗುಂಡಿಯ ಹಳದಿ ದೀಪ ಹತ್ತುತ್ತದೆ, ನಕ್ಷೆಯಲ್ಲಿ ಎರಡು ದೀಪಗಳಿಗೂ ಅರ್ತ್ ಒಂದೇ, ಅಂದಮೇಲೆ 31ರಲ್ಲಿ ತಕರಾರಿಲ್ಲ. ಉಳಿದದ್ದು ಎರಡೇ: ಗುಂಡಿಯೊಳಗಿನ ಬಲ್ಬು, ಇಲ್ಲವೇ ಅಲ್ಲಿಗೆ ಬರುವ 58ಡಿ ತಂತಿ. ಗುಂಡಿಯನ್ನು ಹೊರಗೆಳೆದು ಬ್ಯಾಟರಿಯಿಂದ ಎರಡು ವೈರು ಕೊಟ್ಟೆ, ಚಿತ್ರ ಚೆನ್ನಾಗಿ ಬೆಳಗಿತು. ಸರಿ, ತಂತಿಯೇ.

ಮೀಟರ್ ಹಿಡಿದರೆ ಸಾಕೆಟ್ಟಿನ 58ಡಿ ಪಿನ್ನಿನಲ್ಲಿ 12 ವೋಲ್ಟ್! ಕರೆಂಟ್ ಇದೆ, ಬಲ್ಬು ಸರಿಯಿದೆ, ಬೆಳಕಿಲ್ಲ. ದಾವಣಗೆರೆಯಲ್ಲಿ ನಮ್ಮ ಭಾವ ಆಟೋ ಎಲೆಕ್ಟ್ರಿಷಿಯನ್. ವಿಡಿಯೋ ಕಾಲ್ ಹಚ್ಚಿ ತೋರಿಸಿದೆ.

"ಭಾವ, ಮೀಟರಲ್ಲಿ ಪೂರ್ತಿ ತೋರಿಸ್ತಿದೆ."

"ಮೀಟರ್ ಆಕಡೆ ಇಡಪ್ಪ. ಒಂದು ಬಲ್ಬಿಗೆ ಎರಡು ವೈರ್ ಕಟ್ಟಿ ಹಿಡಿದು ನೋಡು."

ಹಿಡಿದೆ. ಬಲ್ಬು ಕೆಂಪಗೂ ಆಗಲಿಲ್ಲ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ, ಹಾಗಾಗಿ ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟ್ ಇದ್ದರೂ ವೋಲ್ಟೇಜ್ ಪೂರ್ತಿ ಕಾಣುತ್ತದೆ. 5 ವ್ಯಾಟ್ ಬಲ್ಬು 0.4 ಆಂಪಿಯರ್ ಕೇಳುತ್ತದೆ, ಕೇಳಿದ ಕೂಡಲೇ ಆ ಜಾಯಿಂಟ್ ಕೈ ಎತ್ತುತ್ತದೆ. ಕಸ ಕಟ್ಟಿದ ನಲ್ಲಿಯಲ್ಲಿ ಹನಿ ಜಿನುಗಿದ್ದನ್ನು ನೋಡಿ ನೀರು ಬರುತ್ತಿದೆ ಎಂದಹಾಗೆ ಮೀಟರಿನ ಸಾಕ್ಷಿ. ಕೊಡ ಇಟ್ಟಾಗಲೇ ಬಣ್ಣ ಬಯಲು.

ತಂತಿಯ ಹಿಂದೆ ಹೋದರೆ ರೇಡಿಯೋದ ಬೆನ್ನಿಗೆ ಕಳ್ಳ ಸಿಕ್ಕಿದ. ಹಿಂದಿನ ಮಾಲೀಕರು ಹೊರಗಿನ ರೇಡಿಯೋ ಹಾಕಿಸಿ, ಅದರ ಬೆಳಕಿಗೆ ಇದೇ 58ಡಿಯಿಂದ ಕರೆಂಟ್ ತೆಗೆದಿದ್ದರು, ತಂತಿಯ ಸಿಪ್ಪೆ ಸುಲಿಯದೆ ಮೇಲಿಂದ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ. ಆ ಕ್ಲಿಪ್ಪಿನ ಒಳಗಿನ ಲೋಹದ ತುಟಿ ತಾಮ್ರದ ಎಳೆಗಳನ್ನು ಕಡಿದು ಹಾಕಿತ್ತು, ಉಳಿದ ಒಂದೆರಡು ಎಳೆ ಹಸಿರುಗಟ್ಟಿದ್ದವು. ಈ ಕ್ಲಿಪ್ಪುಗಳ ಬಗ್ಗೆ ನನಗೆ ಗೌರವವಿಲ್ಲ. ಐದು ನಿಮಿಷದ ಸೋಮಾರಿತನಕ್ಕೆ ಹುಟ್ಟಿದ ವಸ್ತು ಅದು.

ಕೆಟ್ಟ ತುಂಡನ್ನು ಕತ್ತರಿಸಿ ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ ಕ್ರಿಂಪ್ ಮಾಡಿದೆ, ಅಂದರೆ ಲೋಹದ ಸಣ್ಣ ಕೊಳವೆಯಲ್ಲಿಟ್ಟು ಇಕ್ಕಳದಿಂದ ಒತ್ತಿ ಬಿಗಿದೆ, ಮೇಲೆ ಬಿಸಿಗೆ ಕುಗ್ಗುವ ಕೊಳವೆ. ಬೆಸುಗೆ ಹಾಕಬಾರದೇ ಎಂದು ಭಾವ ಕೇಳಿದರು. ಬೆಸುಗೆ ಮುಗಿಯುವ ಅಂಚಿನಲ್ಲಿ ತಂತಿ ಗಡುಸಾಗಿ, ಅಲುಗಾಟಕ್ಕೆ ಅಲ್ಲೇ ಮುರಿಯುತ್ತದೆಂದು ಇಲ್ಲಿ ಕ್ರಿಂಪನ್ನೇ ನೆಚ್ಚುತ್ತಾರೆ. ನಮ್ಮ ಕಡೆಯ ಹಾಗೆ ತಿರುಚಿ ಕಪ್ಪು ಟೇಪು ಸುತ್ತುವುದಂತೂ ಬೇಡ, ಬೇಸಿಗೆಯಲ್ಲಿ ಅಂಟು ಕರಗಿ ಟೇಪು ತಾನೇ ಬಿಚ್ಚಿಕೊಳ್ಳುತ್ತದೆ.

ಈ ಬಲ್ಬಿನ ಪರೀಕ್ಷೆ ಹಳೆಯ, ನೇರ ವೈರಿಂಗಿಗೆ ಮಾತ್ರ. ಹೊಸ ಕಾರುಗಳಲ್ಲಿ ಗುಂಡಿಯ ಬೆಳಕನ್ನು ಕಂಪ್ಯೂಟರ್ ಆನ್-ಆಫ್ ಮಾಡುತ್ತಲೇ ಮಂದಗೊಳಿಸುತ್ತದೆ. ಅಲ್ಲಿ ಬಲ್ಬು ಹಿಡಿದರೆ ಕಂಪ್ಯೂಟರಿನ ಔಟ್‌ಪುಟ್ ಸುಡಬಹುದು. ಹಳದಿ ಸಾಕೆಟ್ಟು ಕಂಡರೆ ಅದು ಬಹುತೇಕ ಏರ್‌ಬ್ಯಾಗಿನದು, ಬಲ್ಬನ್ನೂ ಮೀಟರನ್ನೂ ಅದರ ಹತ್ತಿರ ತರಬೇಡಿ. ನಾನು ಕ್ರಿಂಪ್ ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಟ್ಟಿದ್ದೆ.

ಅದೇ ರೇಡಿಯೋಕ್ಕಾಗಿ 15ರ ತಂತಿಗೂ ಅಂಥದೇ ಕ್ಲಿಪ್ ಕೂತಿತ್ತು. ಬಾಡಿಗೆ ಗಂಟೆ ಮುಗಿಯುವುದರೊಳಗೆ ಅದನ್ನೂ ಕಿತ್ತು ಕ್ರಿಂಪ್ ಹಾಕಿದೆ.