ಸಾವಿನ ಸಿನಿಮಾ ನೋಡಿದರೆ ಮನಸ್ಸು ಭಾರ ಆಗಲ್ವಾ?

‘ಡಿಪಾರ್ಚರ್ಸ್’ ನೋಡಿ ಅಂತ ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಇದೇ. ಯೊಜಿರೊ ತಕಿತಾ ನಿರ್ದೇಶಿಸಿದ 2008ರ ಜಪಾನೀ ಸಿನಿಮಾ ಇದು. ಮರುವರ್ಷ ವಿದೇಶಿ ಭಾಷಾ ಚಿತ್ರಕ್ಕೆ ಕೊಡುವ ಆಸ್ಕರ್ ಇದಕ್ಕೆ ಬಂತು.

ಅಳು ಬರುತ್ತದೆ, ನಿಜ. ಆದರೆ ನನಗೆ ಇದು ಸಾವಿಗಿಂತ ಜಾಸ್ತಿ ಒಂದು ಕೆಲಸದ ಸಿನಿಮಾ. ಟೋಕಿಯೊದ ವಾದ್ಯವೃಂದ ಮುಚ್ಚಿ, ಚೆಲ್ಲೊ ನುಡಿಸುತ್ತಿದ್ದ ದೈಗೊ ಹೆಂಡತಿ ಜೊತೆ ಯಮಗತಾ ಕಡೆಯ ತನ್ನೂರಿಗೆ ಬರುತ್ತಾನೆ. ಟ್ರಾವೆಲ್ ಏಜೆನ್ಸಿ ಇರಬೇಕು ಅಂತ ಒಂದು ಜಾಹೀರಾತು ಹಿಡಿದು ಹೋಗುತ್ತಾನೆ. ಅಲ್ಲಿರುವುದು ಹೆಣವನ್ನು ಸಿಂಗರಿಸಿ ಪೆಟ್ಟಿಗೆಯಲ್ಲಿ ಮಲಗಿಸುವ ಕೆಲಸ.

ಅದೂ ಮನೆಯವರ ಕಣ್ಣೆದುರಿಗೇ. ಮೈ ಒಂಚೂರೂ ಕಾಣಬಾರದು. ಹೊದಿಕೆಯ ಕೆಳಗೇ ಕೈಯಾಡಿಸಿ ಒರೆಸಬೇಕು, ಬಟ್ಟೆ ಬದಲಿಸಬೇಕು. ಸೆಟೆದ ಬೆರಳುಗಳನ್ನು ಮೆಲ್ಲಗೆ ನೀವಿ, ಕೈ ಜೋಡಿಸಿ, ಜಪಮಣಿ ಹಾಕಬೇಕು. ಒಂದು ಮನೆಯಲ್ಲಿ, ಐದು ನಿಮಿಷ ತಡವಾಯಿತು ಅಂತ ಸತ್ತವಳ ಗಂಡ ರೇಗುತ್ತಾನೆ. ದೈಗೊನ ಯಜಮಾನ ಸಸಾಕಿ ಎದುರಾಡದೆ ಕೆಲಸ ಶುರು ಮಾಡುತ್ತಾನೆ. ಕೊನೆಗೆ, ಆಕೆ ಹಚ್ಚಿಕೊಳ್ಳುತ್ತಿದ್ದ ಲಿಪ್‌ಸ್ಟಿಕ್ ಇದೆಯಾ ಅಂತ ಕೇಳುತ್ತಾನೆ. ಮಗಳು ತಂದುಕೊಡುತ್ತಾಳೆ. ತುಟಿಗೆ ಬಣ್ಣ ಬಂದಾಗ ಆ ಮುಖ ಅವರ ಮನೆಯ ಹೆಂಗಸಿನದೇ ಆಗುತ್ತದೆ. ಅಲ್ಲಿಯವರೆಗೆ ಬಿಗಿದುಕೊಂಡಿದ್ದ ಗಂಡ ಅಳುತ್ತಾನೆ. ಆಮೇಲೆ ಹೊರಗೆ ಬಂದು, ತನ್ನ ಹೆಂಡತಿ ಇಷ್ಟು ಚೆಂದ ಕಂಡಿದ್ದೇ ಇಲ್ಲ ಅನ್ನುತ್ತಾನೆ.

ಇಷ್ಟು ಮರ್ಯಾದೆಯಿಂದ ಮಾಡುವ ಕೆಲಸ ಗೊತ್ತಾದ ದಿನ ದೈಗೊನ ಹೆಂಡತಿ ‘ಮುಟ್ಟಬೇಡ’ ಅಂತ ಹಿಂದೆ ಸರಿಯುತ್ತಾಳೆ. ಈ ಸಿನಿಮಾದಲ್ಲಿ ನನಗೆ ಜಾಸ್ತಿ ನೋವಾಗಿದ್ದು ಅಲ್ಲೇ. ಹೆಣ ಹೊರಲು, ಗುಂಡಿ ತೋಡಲು ಜನ ಬೇಕು, ಆದರೆ ಅವರು ಮನೆಯೊಳಗೆ ಬರಬಾರದು ಅನ್ನುವ ಬುದ್ಧಿ ನಮ್ಮ ಊರುಗಳಲ್ಲೂ ಇದೆ, ಅಲ್ವಾ? ಅಂದಹಾಗೆ, ದೈಗೊ ಪಾತ್ರ ಮಾಡಿದ ಮಸಾಹಿರೊ ಮೊತೊಕಿಗೆ ಸಾವಿನ ವಿಷಯ ಮನಸ್ಸಿಗೆ ಹತ್ತಿದ್ದು ಯುವಕನಾಗಿದ್ದಾಗ ವಾರಾಣಸಿಗೆ ಬಂದಮೇಲೆ. ಪಾತ್ರಕ್ಕಾಗಿ ಆತ ಈ ಕೆಲಸವನ್ನೂ ಚೆಲ್ಲೊವನ್ನೂ ಕಲಿತ.

ನಗುವ ಜಾಗಗಳೂ ಬೇಕಾದಷ್ಟಿವೆ. ಕಷ್ಟ ಅನ್ನಿಸುವುದು ದೈಗೊ ಹೋಗುವ ಮೊದಲ ಮನೆ. ಒಂಟಿ ಮುದುಕಿ ಸತ್ತು ಎರಡು ವಾರ ಆಗಿರುತ್ತದೆ. ಅಲ್ಲಿ ಆಫ್ ಮಾಡೋಣ ಅನ್ನಿಸಿದರೆ ಸ್ವಲ್ಪ ತಡೆಯಿರಿ. ಆಗ ದೈಗೊಗೂ ಓಡಿಹೋಗೋಣ ಅಂತಲೇ ಇರುತ್ತದೆ.